ಬಾಯಿಬಿಟ್ಟು ಕೇಳಿ

ಗ್ರಂಥಾಲಯದ ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆಂದು ಇಳಿಜಾರು ಕಟ್ಟಿಸಿದ ಮೇಲೆ ಆಕೆಗೆ ನಮ್ಮ ಕಾಲೇಜಿನಲ್ಲಿ ರ‍್ಯಾಂಪ್ ಮೇಡಂ ಎಂಬ ಹೆಸರು ಬಿತ್ತು. ಅದಕ್ಕಾಗಿ ಆಕೆ ಒಬ್ಬರಾದ ಮೇಲೊಬ್ಬರಂತೆ ಮೂವರು ಪ್ರಾಂಶುಪಾಲರ ತಲೆ ತಿಂದಿದ್ದರು. ಪಾಠ ಮಾಡುತ್ತಿದ್ದದ್ದು ಸಂಖ್ಯಾಶಾಸ್ತ್ರ. ಜೊತೆಗೆ ಸಮಾನ ಅವಕಾಶ ಘಟಕದ ಮುಖ್ಯಸ್ಥೆ. ಘಟಕವೆಂದರೆ ಒಂದು ಮೇಜು, ಎರಡು ಕುರ್ಚಿ, ಉಳಿದದ್ದೆಲ್ಲ ಆಕೆಯ ಹಟ. ಹಗಲು ದುಡಿಯುವ ಮಕ್ಕಳಿಗೆ ಸಂಜೆ ತರಗತಿ ತಂದರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಹಿರಿಯ ವಿದ್ಯಾರ್ಥಿಗಳನ್ನು ಜೊತೆಮಾಡಿಕೊಟ್ಟರು. ವಿಭಾಗದ ಮುಖ್ಯಸ್ಥನ ಕುರ್ಚಿಯನ್ನು ಆಕೆ ಬೇಡವೆಂದು ಬಿಟ್ಟದ್ದರಿಂದ ಅದು ನನಗೆ ಬಂತು, ಆಕೆಯ ಜೊತೆ ಜಗಳವಾಡುವ ಕೆಲಸವೂ ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಿದೆ ನಮ್ಮ ವಿಭಾಗ ಎಂದು ಮನೆಯಲ್ಲಿ ದೂರಿದರೆ ನನ್ನ ಹೆಂಡತಿ, "ಅದ್ರಲ್ಲಿ ಕೋಣ ಯಾರು ಅಂತ ಮೊದ್ಲು ತೀರ್ಮಾನ ಮಾಡ್ಕೊಳಿ" ಎನ್ನುತ್ತಿದ್ದಳು.

ಕಿವಿ ಕೇಳದ ಹುಡುಗಿಯೊಬ್ಬಳು ಪದವಿಗೆ ಸೇರಿದ ವರ್ಷ ಆ ಜಗಳ ತಾರಕಕ್ಕೇರಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಕಿವಿ ಹೋಗಿತ್ತು. ಮಾತು ಉಳಿದಿತ್ತು, ಕೊಂಚ ಏರಿಳಿತವಿಲ್ಲದ ದನಿಯಲ್ಲಿ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ನಾವೋ, ಬೋರ್ಡಿಗೆ ಮುಖ, ತರಗತಿಗೆ ಬೆನ್ನು. ಮೇಡಂ ಒಬ್ಬೊಬ್ಬರ ತರಗತಿಯ ಬಾಗಿಲಲ್ಲೂ ಬಂದು ನಿಂತರು. "ಮೊದ್ಲು ಬರೀರಿ, ಆಮೇಲೆ ತಿರುಗಿ, ಆಮೇಲೆ ಮಾತಾಡಿ. ಬೋರ್ಡಿಗೆ ಪಾಠ ಹೇಳಿ ಏನ್ ಪ್ರಯೋಜನ ಸರ್, ಅದೇನು ಪರೀಕ್ಷೆ ಬರೆಯತ್ತಾ?" ಎಂದು ನನಗೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಆದರೂ ತಿರುಗಿದೆ.

ಆ ಹುಡುಗಿ ಪದವಿ ಮುಗಿಸಿದಳು, ಬೇರೆಡೆ ಹೋಗಿ ಡಾಕ್ಟರೇಟನ್ನೂ ಪಡೆದಳು. ಮೇಡಂ ನಿವೃತ್ತಿಗೆ ಒಂದು ತಿಂಗಳಿದೆ ಎನ್ನುವಾಗ ನಮ್ಮ ವಿಭಾಗದಲ್ಲಿ ಖಾಲಿಯಿದ್ದ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿಕೊಂಡಳು. ಆಯ್ಕೆ ಸಮಿತಿಯಲ್ಲಿ ನಾವು ನಾಲ್ವರು: ಪ್ರಾಂಶುಪಾಲರು, ಹೊರಗಿನಿಂದ ಕರೆಸಿದ ಪರಿಣತರು, ಮೇಡಂ, ನಾನು. ಉಳಿದ ಅಭ್ಯರ್ಥಿಗಳು ಅಷ್ಟಕ್ಕಷ್ಟೆ. ಅವಳ ವಿಷಯದಲ್ಲಿ ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಒಂದೇ ಪ್ರಶ್ನೆ. ಪಾಠ ಮಾಡುತ್ತಾಳೆ, ಸರಿ. ವಿದ್ಯಾರ್ಥಿಗಳು ಪ್ರಶ್ನೆ ಕೇಳಿದರೆ ಏನು ಮಾಡುತ್ತಾಳೆ? ಅದನ್ನು ನೋಡಲೆಂದೇ ಎರಡನೇ ವರ್ಷದ ಮಕ್ಕಳಿಗೆ ಮಾದರಿ ಪಾಠ ಇಟ್ಟಿದ್ದೆವು. ಸಮಿತಿಯವರು ಆ ಮಕ್ಕಳನ್ನು ಮುಂಚಿತವಾಗಿ ಮಾತಾಡಿಸಬಾರದು ಎಂಬುದು ನಿಯಮ.

ಅವತ್ತು ಅವಳು ತರಗತಿಗೆ ಬಂದವಳೇ ಮೊದಲು ಕಿಟಕಿಯ ಪರದೆ ಎಳೆದಳು. "ಬೆಳಕು ನಿಮ್ಮ ಬೆನ್ನಿಗಿದ್ರೆ ಮುಖ ಕಾಣಲ್ಲ. ಮುಖ ಕಾಣದಿದ್ರೆ ನಂಗೆ ನಿಮ್ ಮಾತೂ ಇಲ್ಲ" ಎಂದಳು. ಸರಾಸರಿ ಎಂಬುದು ಹೇಗೆ ನಮ್ಮನ್ನು ಯಾಮಾರಿಸುತ್ತದೆ ಎಂಬುದು ಪಾಠ. ಚೆನ್ನಾಗಿತ್ತು. ನಾವು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಮೇಡಂ ಮಾತ್ರ ಪಾಠ ಕೇಳುತ್ತಿರಲಿಲ್ಲ, ಮಕ್ಕಳ ಮುಖವನ್ನೇ ನೋಡುತ್ತಿದ್ದರು. ಕೊನೆಗೆ "ಪ್ರಶ್ನೆ ಇದೆಯಾ?" ಎಂದು ಅವಳು ಕೇಳಿದ್ದೇ ತಡ, ಮುಂದಿನ ಬೆಂಚಿನಿಂದ ಚೀಟಿಗಳ ಕಟ್ಟೊಂದು ಅವಳ ಕೈಗೆ ಬಂತು. ಎಲ್ಲರೂ ಪ್ರಶ್ನೆಯನ್ನು ದುಂಡಗೆ ಬರೆದುಕೊಟ್ಟಿದ್ದರು.

ಅವಳು ಮೊದಲ ಚೀಟಿ ನೋಡಿದಳು, ಎರಡನೆಯದನ್ನೂ ನೋಡಿದಳು. ಮುಖ ಸಣ್ಣಗಾಯಿತು. ಕಟ್ಟನ್ನು ಮೇಜಿನ ಮೇಲಿಟ್ಟು, "ಇದು ಬೇಡ. ಬಾಯಿಬಿಟ್ಟು ಕೇಳಿ" ಎಂದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗಡ್ಡ ಬಿಟ್ಟ ಒಬ್ಬ ಎದ್ದು ಏನೋ ಗೊಣಗಿದ. ಅವಳು ಅವನ ಬೆಂಚಿನ ಹತ್ತಿರ ಹೋದಳು. "ಗಡ್ಡ ಚೆನ್ನಾಗಿದೆ ಮಾರಾಯ, ಆದ್ರೆ ಅರ್ಧ ಪ್ರಶ್ನೆ ಅದೇ ತಿಂದ್ಹಾಕ್ತಿದೆ. ಇನ್ನೊಂದ್ಸಲ ಹೇಳು." ತರಗತಿ ನಕ್ಕಿತು, ಅವನೂ ನಕ್ಕ. ಮತ್ತೆ ಹೇಳಿದ, ಅವಳಿಗೆ ಸಿಗಲಿಲ್ಲ. ಪಕ್ಕದವಳಿಗೆ, "ಅವನು ಕೇಳಿದ್ದನ್ನ ನಿನ್ ಮಾತಲ್ಲಿ ಹೇಳು" ಎಂದಳು. ಪಕ್ಕದವಳು ಹೇಳಿದಳು. "ಅಲ್ಲ ಅಲ್ಲ, ನಾನ್ ಕೇಳಿದ್ದು ಅದಲ್ಲ" ಎಂದು ಗಡ್ಡದವನು ಮೂರನೇ ಸಲ ಹೇಳುವಾಗ ಪ್ರಶ್ನೆ ನೆಟ್ಟಗೆ ಬಂತು. ಎಷ್ಟು ನೆಟ್ಟಗೆಂದರೆ, ಅರ್ಧ ಉತ್ತರ ಅವನಿಗೇ ಹೊಳೆದುಬಿಟ್ಟಿತು. ನನ್ನ ತರಗತಿಯಲ್ಲಿ ಯಾರೂ ಪ್ರಶ್ನೆಯನ್ನು ಮೂರು ಸಲ ಕೇಳುವ ಪ್ರಮೇಯ ಬರುವುದಿಲ್ಲ. ಪೂರ್ತಿ ಕೇಳುವ ಮುಂಚೆಯೇ ನಾನು ಉತ್ತರ ಕೊಟ್ಟಾಗಿರುತ್ತದೆ. ಕೂತಲ್ಲೇ ನನಗೆ ಹೊಟ್ಟೆಕಿಚ್ಚಾಯಿತು.

ಪ್ರಾಂಶುಪಾಲರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಾಗ ಹೊರಗಿನ ಪರಿಣತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ನಾಟಕ" ಎಂದರು. "ಈ ಅಭ್ಯರ್ಥಿ ಇಲ್ಲೇ ಓದಿದವರು. ಮಕ್ಕಳಿಗೆ ಯಾರ ಮೂಲಕವೋ ಹೇಳಿ ಚೀಟಿ ಬರೆಸಿದ್ದಾರೆ. ಆಮೇಲೆ ನಮ್ಮೆದುರಿಗೆ ಅದನ್ನ ಬೇಡ ಅಂತ ಪಕ್ಕಕ್ಕಿಟ್ಟು ದೊಡ್ಡವರಾದ್ರು. ಪ್ರಶ್ನೆಗಳೂ ಮೊದಲೇ ಗೊತ್ತಿರಬೇಕು. ಇಂಥವರನ್ನ ಆಯ್ಕೆ ಪಟ್ಟಿಯಿಂದಲೇ ತೆಗೀಬೇಕು."

ಅವರು ಹೇಳಿದ್ದರಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಅಷ್ಟು ಮಕ್ಕಳು ಒಟ್ಟಿಗೆ ತಾವಾಗಿ ಚೀಟಿ ಬರೆಯುತ್ತಾರೆಯೇ? ಪ್ರಾಂಶುಪಾಲರು ತಲೆಯಾಡಿಸಿದರು. ನಾನು ಮೇಡಂ ಕಡೆ ನೋಡಿದೆ. ಜಗಳಕ್ಕೆ ಸದಾ ಮುಂದಾಗುವ ಆಕೆ ಬಿಳಿಚಿಕೊಂಡು ಕೂತಿದ್ದರು.

"ಚೀಟಿ ಬರೆಸಿದ್ದು ನಾನು" ಎಂದರು.

ಆಕೆಯೇ ಮುಂದುವರಿಸಿದರು.

"ನಿನ್ನೆ ಸಂಜೆ ಆ ತರಗತಿಗೆ ಹೋಗಿದ್ದೆ. ಪ್ರಶ್ನೆ ಇದ್ರೆ ಬರೆದು ಕೊಡಿ ಅಂದೆ, ಅಷ್ಟೆ. ಅವಳಿಗೆ ಗೊತ್ತಿಲ್ಲ. ನಿಯಮ ಮುರಿದಿದ್ದು ನಾನು, ಅವಳಲ್ಲ."

"ಇದನ್ನ ನಡಾವಳಿಯಲ್ಲಿ ಬರೀಬೇಕಾಗತ್ತೆ ಮೇಡಂ" ಎಂದರು ಪ್ರಾಂಶುಪಾಲರು, ಬಹಳ ಮೆಲ್ಲಗೆ. "ನಿಮ್ಮ ಬೀಳ್ಕೊಡುಗೆಯ ಹೊತ್ತಲ್ಲಿ... ನೀವು ಸಮಿತಿಯಿಂದ ಎದ್ದು ಹೋಗ್ಬೇಕಾಗತ್ತೆ. ನಿಮ್ಮ ಮತವೂ ಇರಲ್ಲ."

"ಬರೀರಿ" ಎಂದು ಆಕೆ ಎದ್ದರು. ಬಾಗಿಲ ಹತ್ತಿರ ಒಂದು ಕ್ಷಣ ನಿಂತರು. ಅವಳ ಪರವಾಗಿ ಏನೋ ಹೇಳುತ್ತಾರೆಂದುಕೊಂಡೆ. ಹೇಳದೆ ಹೋದರು. ಅಷ್ಟು ವರ್ಷಗಳಲ್ಲಿ ಆಕೆ ವಾದ ಮಾಡದೆ ಒಂದು ಸಭೆಯಿಂದ ಹೊರಟದ್ದನ್ನು ನಾನು ಕಂಡಿರಲಿಲ್ಲ. ನನಗೆ ಸಂಕಟವಾಯಿತು.

ಪರಿಣತರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಅಂದ್ರೆ ಆ ಹುಡುಗಿಗೆ ನಿಜವಾಗ್ಲೂ ಗೊತ್ತಿರಲಿಲ್ಲ?"

"ಗೊತ್ತಿದ್ರೆ ಆ ಚೀಟಿ ನೋಡಿ ಮುಖ ಹಾಗಾಗ್ತಿರಲಿಲ್ಲ ಸರ್" ಎಂದೆ. "ಮೇಡಂ ಪರ ನಾನು ಯಾವತ್ತೂ ಮಾತಾಡಿದವನಲ್ಲ, ಇಡೀ ಕಾಲೇಜಿಗೆ ಗೊತ್ತು. ಈಗ್ಲೂ ಅವರ ಪರ ಅಲ್ಲ. ನನ್ನ ವಿಭಾಗಕ್ಕೆ ಈ ಹುಡುಗಿ ಬೇಕು. ಅವಳ ಮುಂದೆ ಪ್ರಶ್ನೆ ಕೇಳೋಕೆ ಮಕ್ಕಳು ಮೊದಲು ಯೋಚನೆ ಮಾಡ್ಬೇಕಾಗತ್ತೆ. ನನ್ ಮುಂದೆ ಅದರ ಅಗತ್ಯ ಇಲ್ಲ."

ಪರಿಣತರು ಅಂಕಪಟ್ಟಿಯನ್ನು ಹತ್ತಿರ ಎಳೆದುಕೊಂಡರು. "ಕೈಗೆ ಬಂದ ಅನುಕೂಲವನ್ನ ಬೇಡ ಅಂದವಳು" ಎಂದು ತಮಗೆ ತಾವೇ ಹೇಳಿಕೊಂಡರು. "ಸರಿ. ನನ್ನ ಮತ ಅವಳಿಗೆ." ಪ್ರಾಂಶುಪಾಲರಿಗೆ ಒಪ್ಪಿಗೆ ಕೊಡುವುದೇ ಉಳಿದಿತ್ತು.

ಹೊರಗೆ ಬೆಂಚಿನ ಮೇಲೆ ಮೂವರಿದ್ದರು. ಒಂದು ತುದಿಯಲ್ಲಿ ಬಟ್ಟೆ ಹೊಲಿದು ಮಗಳನ್ನು ಓದಿಸಿದ ತಾಯಿ, ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಇನ್ನೊಂದು ತುದಿಯಲ್ಲಿ ಮೇಡಂ. ನಡುವೆ ಹುಡುಗಿ. ಮೇಡಂ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆಂದು ಮುಖಗಳನ್ನು ನೋಡಿದರೇ ತಿಳಿಯುತ್ತಿತ್ತು.

"ಕೆಲಸ ನಿಂದು" ಎಂದೆ. "ಮೂವರೂ ಒಪ್ಪಿದ್ವಿ."

ತಾಯಿ ಚೀಲವನ್ನು ಎದೆಗವುಚಿಕೊಂಡು ಅತ್ತುಬಿಟ್ಟರು. ಹುಡುಗಿ ನನಗೆ ಕೈಮುಗಿದಳು. ಆಮೇಲೆ ಮೇಡಂ ಕಡೆ ತಿರುಗಿದಳು.

"ನಾನು ಬಿದ್ದೋಗ್ತೀನಿ ಅಂದ್ಕೊಂಡ್ರಾ?"

"ಭಯ ಆಯ್ತು ಕಣಮ್ಮ. ಯಾರಾದ್ರೂ ನಕ್ಕುಬಿಟ್ರೆ ಅಂತ."

"ನಂಗೂ ಭಯ ಇತ್ತು. ಆದ್ರೂ ಬಂದೆ ಅಲ್ವಾ ಮೇಡಂ? ಬೇರೆಯವ್ರಿಗೆ ನನ್ ಮೇಲೆ ನಂಬಿಕೆ ಇಲ್ದಿದ್ರೆ ಅದು ನಂಗೆ ರೂಢಿ ಇದೆ. ನಿಮಗೂ ಇಲ್ಲ ಅಂತ ಆ ಚೀಟಿ ನೋಡಿದಾಗ ಗೊತ್ತಾಗ್ಲಿಲ್ಲ, ಈಗ ಗೊತ್ತಾಯ್ತು. ಅದ್ರಿಂದ ನೋವಾಯ್ತು." ಅವಳ ದನಿ ಏರಲಿಲ್ಲ. "ಇನ್ಮೇಲೆ ನಂಗೋಸ್ಕರ ಏನಾದ್ರೂ ಮಾಡೋ ಮುಂಚೆ ನನ್ನ ಒಂದ್ ಮಾತು ಕೇಳಿ."

ಮೂವರು ಪ್ರಾಂಶುಪಾಲರಿಗೆ ನೀರಿಳಿಸಿದ ಆಕೆ ಕಣ್ಣೊರೆಸಿಕೊಂಡರು. ಮಕ್ಕಳಿಗೆ ಇದು ಬೇಕು, ಮಕ್ಕಳಿಗೆ ಅದು ಬೇಕು ಎಂದು ಆಕೆ ಮೇಜು ಕುಟ್ಟಿದ್ದನ್ನು ನಾನು ಎಷ್ಟು ಸಭೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಈಗ ಆಕೆ ಕೇಳಿದ ಪ್ರಶ್ನೆಯನ್ನು ಮಾತ್ರ ಯಾವತ್ತೂ ಕೇಳಿಸಿಕೊಂಡಿರಲಿಲ್ಲ.

"ಏನು ಬೇಕು ನಿಂಗೆ?" ಎಂದರು.

ಹುಡುಗಿ ತಾಯಿಯ ತೊಡೆಯ ಮೇಲಿನ ಚೀಲ ನೋಡಿದಳು.

"ಊಟ" ಎಂದಳು. "ಬೆಳಿಗ್ಗೆಯಿಂದ ಒಂದು ತುತ್ತೂ ಇಳಿದಿಲ್ಲ. ನೀವೂ ಬನ್ನಿ."