ಹದಿನಾಲ್ಕರ ಅಗಲ

ಡಬ್ಬಣ್ಣ ತಗಡಿನ ಮೇಲೆ ಕೈವಾರ ಊರಿ ಒಂದು ಸುತ್ತು ಎಳೆಯುವಷ್ಟರಲ್ಲಿ ಮಗಳು ಮತ್ತೆ ಅಂಗಡಿಯ ಪರದೆಯಾಚೆಯಿಂದ ಕರೆದಳು.

"ಅಪ್ಪಾ, ಮನೆ ತುಂಬಾ ಜನ ಕೂತಿದಾರೆ. ಇವತ್ತೂ ಕೆಲಸಾನಾ?"

"ಪರದೆ ಸರಿಸು, ಒಳಗೆ ಬಾ."

ಮಗಳು ಒಳಗೆ ಬಂದಳು. ಹಿಂದೆಯೇ ಅವಳ ಚಿಕ್ಕಮ್ಮ, ತೀರಿಕೊಂಡವಳ ತಂಗಿ, ಸೆರಗಿನಿಂದ ಮೂಗು ಒರೆಸುತ್ತಾ ಬಂದಳು.

ಬೆಳಗ್ಗೆ ಹೆಂಡತಿಯನ್ನು ಚಿತಾಗಾರದಲ್ಲಿ ಬಿಟ್ಟು ಬಂದಿದ್ದರು. ಅಲ್ಲಿನ ನೌಕರ ಒಂದು ಪ್ಲಾಸ್ಟಿಕ್ ಡಬ್ಬಿ ತೋರಿಸಿ, ಸಂಜೆ ಬೂದಿಯನ್ನು ಇದರಲ್ಲಿ ಕೊಡುತ್ತೇವೆ, ಇದರಲ್ಲಿ ಹಿಡಿಸದೆ ಮಿಕ್ಕಿದ್ದನ್ನು ಹಿತ್ತಲ ಗುಂಡಿಗೆ ಹಾಕುತ್ತೇವೆ ಎಂದಿದ್ದ. ಅಳುತ್ತಿದ್ದವರ ಕಿವಿಗೆ ಆ ಮಾತು ಬೀಳಲಿಲ್ಲ. ಡಬ್ಬಣ್ಣನ ಕಿವಿಗೆ ಬಿತ್ತು. ಜನ್ಮವೆಲ್ಲ ತಗಡು ಬಡಿದು ಡಬ್ಬಿ ಮಾಡಿದವನು. ಆ ಪ್ಲಾಸ್ಟಿಕ್ಕಿನದು ಒಂದೂವರೆ ಲೀಟರು ದಾಟುವುದಿಲ್ಲ ಎಂದು ನೋಡಿದೊಡನೆ ತಿಳಿಯಿತು. "ಒಬ್ಬರಿಗೆ ಎಷ್ಟು ಬೇಕಾಗತ್ತಪ್ಪ?" ಎಂದು ಕೇಳಿದ. "ಮೂರು ಲೀಟರು ಹಿಡಿಸೋದಾದ್ರೆ ಎಂಥೋರಿಗೂ ಸಾಕು" ಎಂದ ನೌಕರ. ಅವಳ ಒಂದು ಚಿಟಿಕೆಯನ್ನೂ ಗುಂಡಿಗೆ ಬಿಡುವುದಿಲ್ಲ ಎಂದು ಡಬ್ಬಣ್ಣ ಅಲ್ಲೇ ತೀರ್ಮಾನಿಸಿದ.

"ಅಂಗಡೀಲಿ ಇಷ್ಟೊಂದು ಡಬ್ಬಿ ಇದಾವಲ್ಲ ಭಾವ," ಎಂದಳು ನಾದಿನಿ. "ಒಂದನ್ನ ತೊಳೆದು ತಗೊಂಡು ಹೋದ್ರಾಗಲ್ವಾ?"

"ಅವು ಗಿರಾಕಿಗಳದ್ದು."

ಅಂಗಡಿಗೂ ಹಿಂದಿನ ಮನೆಗೂ ನಡುವೆ ಆ ಪರದೆ ಮಾತ್ರ ಇತ್ತು. ಡಬ್ಬಣ್ಣ ಬಗ್ಗಿದವನು ಬಗ್ಗಿದಂತೆಯೇ ಆ ಕಡೆಗೆ ಕೂಗಿದ. "ಅಗಲ ಹದಿನಾಲ್ಕು, ಎತ್ತರ ಇಪ್ಪತ್ತು. ಎಷ್ಟಾಯ್ತೇ?"

ಉತ್ತರ ಹೇಳುವವಳು ಅಲ್ಲಿಲ್ಲ ಎಂದು ಕೂಗಿದ ಮೇಲೆ ಅವನಿಗೇ ಗೊತ್ತಾಯಿತು. ಪರದೆಯ ಆಚೆ ಕೂತವರ ಪಿಸುಮಾತೂ ನಿಂತುಹೋಯಿತು.

"ನಾನು ಫೋನಲ್ಲಿ ನೋಡಿ ಹೇಳ್ಲಾ ಅಪ್ಪ?" ಮಗಳು ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ಬೇಡ." ಅವನು ತಗಡಿನ ಸುತ್ತಿನ ಮೇಲೆ ಬೆರಳಿಟ್ಟ. "ಅಗಲದ ಅರ್ಧ ಏಳು. ಏಳೇಳ್ಲಿ ನಲವತ್ತೊಂಬತ್ತು. ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಿದ್ರೆ ನೂರಾ ಐವತ್ನಾಲ್ಕು. ಎತ್ತರ ಇಪ್ಪತ್ತಕ್ಕೆ ಮೂರು ಸಾವಿರದ ಎಂಬತ್ತು. ಮೂರು ಲೀಟರು, ಮೇಲೊಂದು ಗುಟುಕು."

ಮಗಳು ಕಣ್ಣೊರೆಸುವುದನ್ನೇ ಮರೆತಳು. "ಅಪ್ಪಾ, ನಿಂಗೆ ಲೆಕ್ಕ ಬರತ್ತಾ?"

ಡಬ್ಬಣ್ಣ ಕತ್ತರಿ ಕೈಗೆ ತೆಗೆದುಕೊಂಡ.

*

ಹೆಂಡತಿ ಈ ಅಂಗಡಿಗೆ ಮೊದಲು ಬಂದದ್ದೇ ಜಗಳಕ್ಕೆ. ಎಣ್ಣೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ, ಅವನು ಮಾಡಿಕೊಟ್ಟ ಡಬ್ಬಿಯನ್ನು ಧಡ್ಡೆಂದು ಮೇಜಿನ ಮೇಲಿಟ್ಟಳು. "ಐದು ಲೀಟರಿಂದು ಅಂತ ಹೇಳಿದ್ವಿ. ಇದು ಆರು ಹಿಡಿಯುತ್ತೆ. ನಮ್ಮ ಯಜಮಾನರು ನನ್ನ ಮೇಲೆ ಹಾರಾಡ್ತಿದಾರೆ. ಯಾವ ಲೆಕ್ಕದಲ್ಲಿ ಮಾಡಿದ್ರಿ?"

"ಅಂದಾಜಿನ ಮೇಲೆ."

"ಅಂದಾಜು!" ಎಂದು ಹಣೆ ಚಚ್ಚಿಕೊಂಡು, ಸೀಮೆಸುಣ್ಣ ಕಿತ್ತುಕೊಂಡು, ತಗಡಿನ ಮೇಲೆಯೇ ಬರೆದು ತೋರಿಸಿದಳು. ಅವನು ಇನ್ನೊಮ್ಮೆ ಹೇಳಿ ಎಂದ. ಹೇಳಿದಳು. ಮತ್ತೊಮ್ಮೆ ಎಂದ. ಆಗಲೂ ಹೇಳಿದಳು, ಆದರೆ ಈ ಸಲ ತುಟಿಯಂಚಿನಲ್ಲಿ ನಗು ಇತ್ತು. ಮೊದಲ ಸಲವೇ ಅವನಿಗೆ ಅರ್ಥವಾಗಿತ್ತು ಎಂಬುದು ಬೇರೆ ಮಾತು.

ಮದುವೆಯಾದ ಮೇಲೆ ಲೆಕ್ಕವೆಲ್ಲ ಅವಳದೇ. ಓಣಿಯವರ ಬಾಯಲ್ಲಿ ಅವಳು ಲೆಕ್ಕದಕ್ಕ ಆದಳು. ಆದರೆ ಲೆಕ್ಕದಕ್ಕನಿಗೆ ಭಿನ್ನರಾಶಿ ಎಂದರೆ ಆಗುತ್ತಿರಲಿಲ್ಲ. ಏಳರಿಂದ ಭಾಗಿಸಿದರೆ ಏನೂ ಉಳಿಯಬಾರದು. ಹಾಗಾಗಿ ಆ ಅಂಗಡಿಯ ಡಬ್ಬಿ, ಕೊಳಗ, ಹಂಡೆ ಎಲ್ಲದರ ಅಗಲವೂ ಹದಿನಾಲ್ಕು ಸೆಂಟಿಮೀಟರು, ಇಲ್ಲವೇ ಇಪ್ಪತ್ತೆಂಟು. ನಡುವಿನ ಅಳತೆ ಕೇಳಿದವರಿಗೆ ಎತ್ತರ ಹೆಚ್ಚಿಸಿ ಕೊಡುತ್ತಿದ್ದರು. ಅದು ಆ ಅಂಗಡಿಯ ಹಳೇ ಸಂಪ್ರದಾಯವಿರಬೇಕೆಂದು ಗಿರಾಕಿಗಳು ತಿಳಿದಿದ್ದರು.

ಅವನು ಕೂಗುವುದು, ಅವಳು ಒದ್ದೆ ಕೈ ಒರೆಸಿಕೊಂಡು ಪರದೆ ಸರಿಸಿ ಬರುವುದು, ಉತ್ತರ ಹೇಳಿ ಒಂದು ಗಳಿಗೆ ನಿಲ್ಲುವುದು. ಆ ಒಂದು ಗಳಿಗೆ ನಿಲ್ಲುತ್ತಿದ್ದಳಲ್ಲ, ಡಬ್ಬಣ್ಣನಿಗೆ ಬೇಕಾದದ್ದು ಅದೇ.

*

ಸಂಜೆ ಚಿತಾಗಾರದ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಹೊಸ ತಗಡಿನ ಡಬ್ಬಿ ಡಬ್ಬಣ್ಣನ ತೊಡೆಯ ಮೇಲಿತ್ತು. ಬೆಸುಗೆಯನ್ನು ಬಟ್ಟೆಯಿಂದ ಉಜ್ಜುತ್ತಲೇ ಇದ್ದ.

"ಭಾವ," ಎಂದಳು ನಾದಿನಿ, "ಅಕ್ಕನಿಗೆ ಗೊತ್ತಿತ್ತು."

"ಏನು?"

"ನಿಮಗೆ ಲೆಕ್ಕ ಬರತ್ತೆ ಅಂತ. ಮದುವೆಯಾದ ವರ್ಷಾನೇ ನನ್ನ ಹತ್ರ ಹೇಳ್ಕೊಂಡು ಬಿದ್ದು ಬಿದ್ದು ನಕ್ಕಿದ್ಲು. 'ನಾನು ಉತ್ತರ ಹೇಳೋಕೆ ಮುಂಚೇನೇ ತಗಡು ಕತ್ತರಿಸಿಟ್ಟಿರ್ತಾರೆ ಕಣೇ' ಅಂತ."

ಡಬ್ಬಣ್ಣನ ಕೈ ನಿಂತಿತು. "ಮತ್ತೆ ಯಾಕೆ ಬರ್ತಿದ್ಲಂತೆ?"

"ನಾನೂ ಅದನ್ನೇ ಕೇಳ್ದೆ. 'ಅವರು ಕರೆಯೋದು ನಿಲ್ಸಿಬಿಟ್ರೆ ಏನ್ಮಾಡ್ಲಿ' ಅಂದ್ಲು."

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಮನುಷ್ಯ ಆಗ ಮಗುವಿನ ಹಾಗೆ ಅತ್ತುಬಿಟ್ಟ. ಮಗಳು ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ನೌಕರ ಬೂದಿಯ ತಟ್ಟೆ ತಂದು, ನಿಧಾನವಾಗಿ ಡಬ್ಬಿಗೆ ಸುರಿದ. ಡಬ್ಬಣ್ಣ ಉಸಿರು ಬಿಗಿಹಿಡಿದು ನೋಡಿದ. ಬಾಯಿಗೆ ಇನ್ನೂ ನಾಲ್ಕು ಬೆರಳು ಇರುವಾಗಲೇ ತಟ್ಟೆ ಖಾಲಿಯಾಯಿತು.

"ಇಷ್ಟೇನಾ?"

"ಇಷ್ಟೇ ಯಜಮಾನ್ರೆ." ನೌಕರ ತಟ್ಟೆಯನ್ನು ಬ್ರಷ್ಷಿನಿಂದ ಗುಡಿಸಿ, ಆ ಪುಡಿಯನ್ನೂ ಡಬ್ಬಿಗೆ ಉದುರಿಸಿ ತೋರಿಸಿದ. "ನೋಡಿ, ಏನೂ ಉಳಿದಿಲ್ಲ."

ಕಾಯಿಲೆ ಅವಳನ್ನು ಎಷ್ಟು ತಿಂದುಹಾಕಿದೆ ಎಂಬುದು ಅವನಿಗೆ ಗೊತ್ತಿರದ್ದೇನಲ್ಲ. ಆದರೂ ಡಬ್ಬಿಯನ್ನು ಮೊದಲಿನ ಅವಳಿಗೆಂದೇ ಮಾಡಿಬಿಟ್ಟಿದ್ದ. ಇರಲಿ, ಎಲ್ಲ ಬಂದಳಲ್ಲ. ಅವನು ಮುಚ್ಚಳ ಒತ್ತಿದ.

ಮನೆಯಲ್ಲಿ ನೆಂಟರು ಎದ್ದು ದಾರಿ ಬಿಟ್ಟರು. ಮೇಜಿನ ಮೇಲೆ ಮಗಳು ಬಿಳಿ ಬಟ್ಟೆ ಹಾಸಿದಳು. "ಕೊಡಪ್ಪ, ಇಲ್ಲಿಡೋಣ. ದಾರಿಯುದ್ದಕ್ಕೂ ಹಿಡ್ಕೊಂಡೇ ಬಂದೆ."

"ಇರು ತಾಯಿ," ಎಂದ ಡಬ್ಬಣ್ಣ. "ಇನ್ನೂ ಬೆಚ್ಚಗಿದಾಳೆ."

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ತಗಡು ಆರಿದ ಕಡೆಯಿಂದ ಎರಡೂ ಅಂಗೈಗಳನ್ನು ಇನ್ನೂ ಬಿಸಿಯಿದ್ದ ಕಡೆಗೆ ಮೆಲ್ಲಗೆ ಸರಿಸುತ್ತಾ ಇದ್ದ.