ಮೂರನೆಯ ಸಾಲಿನ ಉಸಿರು

ಗಾಜಿನ ಕೋಣೆಯೊಳಗೆ ಕೂತಿದ್ದ ಡ್ರಿಲ್ ಮೇಷ್ಟ್ರು ಮತ್ತೆ ಗುಂಡಿ ಒತ್ತಿದರು. ಹೊರಗೆ ಯಂತ್ರದ ಮುಂದಿದ್ದ ಕಿವಿಯಕ್ಕನ ಎದುರು ಹಸಿರು ದೀಪ ಹತ್ತಿತು. ಅವಳು ಸದ್ದನ್ನು ಇನ್ನಷ್ಟು ಸಣ್ಣದು ಮಾಡಿದಳು. ಮತ್ತೆ ದೀಪ. ಎಪ್ಪತ್ತು ದಾಟಿದವರಿಗೆ ಈ ಸದ್ದು ಕೇಳುವುದುಂಟೆ? ಅನುಮಾನ ಬಂದು, ಏನೂ ಸದ್ದು ಕೊಡದೆ ಸುಮ್ಮನೆ ಕೂತಳು. ಅರ್ಧ ನಿಮಿಷವಾದರೂ ದೀಪ ಹತ್ತಲಿಲ್ಲ. ಒಳಗೆ ಮೇಷ್ಟ್ರು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಕಾಯುತ್ತಿದ್ದರು. ಮನುಷ್ಯ ಸುಳ್ಳು ಒತ್ತುತ್ತಿರಲಿಲ್ಲ.

ಆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. ಭಾನುವಾರ ಚರ್ಚಿನಲ್ಲಿ ಸೌಂಡ್ ನೋಡಿಕೊಳ್ಳುವುದೂ ಅವಳೇ. ವಾರವಿಡೀ ಒಬ್ಬೊಬ್ಬರ ಕಿವಿ, ಭಾನುವಾರ ಊರಿನವರೆಲ್ಲರ ಕಿವಿ ಎಂದು ತಮಾಷೆ ಮಾಡಿ ಚರ್ಚಿನವರು ಇಟ್ಟ ಹೆಸರು ಕಿವಿಯಕ್ಕ. ಈಗ ಡಾಕ್ಟರೂ ಹಾಗೇ ಕರೆಯುತ್ತಾರೆ. ಮೇಷ್ಟ್ರೂ ಅದೇ ಚರ್ಚಿನವರು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರು, ಏಳು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮನೆ ಸೇರಿದ್ದರು. ಅಂದಿನಿಂದ ಅವರ ಆರಾಧನೆಯೆಲ್ಲ ಟಿವಿಯಲ್ಲಿ ಬರುವ ಚರ್ಚಿನ ನೇರ ಪ್ರಸಾರದಲ್ಲೇ.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರ ಮಗಳು ಗಾಜಿನ ಕಡೆ ನೋಡುತ್ತಲೇ ವಿಷಯ ಹೇಳಿದಳು. ಅಪ್ಪ ಟಿವಿಯಲ್ಲಿ ಚರ್ಚು ನೋಡುವಾಗ, ಅಗೋ ನಿಮ್ಮಮ್ಮ ಹಾಡ್ತಿದ್ದಾಳೆ ಅನ್ನುತ್ತಾರಂತೆ. ಅಮ್ಮ ತೀರಿಹೋಗಿ ಹತ್ತು ತಿಂಗಳಾಯಿತು. ಇವಳೂ ಎರಡು ವಾರ ಜೊತೆಗೆ ಕೂತು ಕೇಳಿದಳು. ಕ್ವಾಯರ್ ಹಾಡಿತು, ಅಷ್ಟೆ. ಪರದೆಯ ಮೂಲೆಯಲ್ಲಿ ಕೆಂಪಗೆ ಲೈವ್ ಎಂದು ಬರೆದಿರುತ್ತದೆ, ಸತ್ತವರು ಎಲ್ಲಿಂದ ಬರಬೇಕು? ನರದ ಡಾಕ್ಟರಿಗೆ ತೋರಿಸಿದರೆ, ಮೊದಲು ಕಿವಿ ನೋಡಿಸಿ ಅಂದರು. ಕಿವಿಯಲ್ಲಿ ದೋಷವಿದ್ದರೆ ಸರಿ, ಇಲ್ಲದಿದ್ದರೆ ಸೋಮವಾರದಿಂದ ಮಾತ್ರೆ. ಒಬ್ಬರನ್ನೇ ಮನೆಯಲ್ಲಿ ಬಿಡುವಂತಿಲ್ಲ. ತಾನು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಬರುವುದು ಏಳಕ್ಕೆ. ಅದಕ್ಕೇ ನೋಡಿಕೊಳ್ಳುವವರಿರುವ ಜಾಗವೊಂದನ್ನು ಗೊತ್ತು ಮಾಡಿ ಬಂದಿದ್ದಾಳೆ.

"ಕಿವೀಲೇ ಏನೋ ತೊಂದರೆ ಇರಲಪ್ಪಾ ಅಂತ ಬೇಡ್ಕೊಳ್ತಿದ್ದೀನಿ ಅಕ್ಕ" ಎಂದಳು ಮಗಳು.

ಕಿವಿಯಕ್ಕ ಯಂತ್ರದ ಕಡೆ ತಿರುಗಿದಳು. ಅದರ ಮುಳ್ಳು, ದೀಪ, ಕಾಗದ ಎಲ್ಲ ಒಂದು ಗಳಿಗೆ ಕಣ್ಣಿಗೆ ಕಾಣದೆ ಹೋದವು. ಮೇಷ್ಟ್ರಿಗೆ ಭ್ರಮೆಯಾಗಿರಲಿಲ್ಲ. ಅವರ ಹೆಂಡತಿ ಭಾನುವಾರ ಭಾನುವಾರ ನಿಜವಾಗಿಯೂ ಹಾಡುತ್ತಿದ್ದಳು. ಹಾಡಿಸುತ್ತಿದ್ದವಳು ಇವಳು.

ಆದದ್ದು ಇಷ್ಟೇ. ಐದು ತಿಂಗಳ ಹಿಂದೆ ಚರ್ಚಿಗೆ ಹೊಸ ಮೈಕು, ಹೊಸ ಮಿಕ್ಸರ್, ಹೊಸ ಕ್ಯಾಮೆರಾ ಬಂದವು. ಮನೆಯಲ್ಲಿ ಕೂತು ನೋಡುವವರಿಗೆ ಎಲ್ಲ ಚೆನ್ನಾಗಿ ಕೇಳಲಿ, ಕಾಣಲಿ ಎಂದು ಎಲ್ಲರೂ ಕೈಜೋಡಿಸಿದ್ದರು. ಆದರೆ ಮೈಕು ಒಳ್ಳೆಯದಾದಷ್ಟೂ ಹಾಡು ಕೆಟ್ಟದಾಗಿ ಕೇಳತೊಡಗಿತು. ಒಂದು ಕಾಲದಲ್ಲಿ ಹದಿನಾಲ್ಕು ಜನರಿದ್ದ ಕ್ವಾಯರಿನಲ್ಲಿ ಈಗ ಉಳಿದವರು ಐವರು. ಹಾಲ್‌ನಲ್ಲಿ ಜನರೆಲ್ಲ ಸೇರಿ ಹಾಡುವಾಗ ಅದು ಮುಚ್ಚಿಹೋಗುತ್ತದೆ. ಟಿವಿಯಲ್ಲಿ ಮಾತ್ರ ಆ ಐವರ ಕೆಮ್ಮು, ಅಪಸ್ವರ, ಗಂಟಲು ಸರಿಮಾಡಿಕೊಳ್ಳುವುದು ಎಲ್ಲ ಬೆತ್ತಲೆ. ತಗಡು ಬಡಿದಂತಿದೆ ಎಂದು ಯಾರೋ ವಿಡಿಯೋದ ಕೆಳಗೆ ಬರೆದರು. ಕಿವಿಯಕ್ಕನಿಗೆ ರಾತ್ರಿ ಊಟ ಸೇರಲಿಲ್ಲ.

ಎರಡು ವರ್ಷದ ಹಿಂದೆ ಹದಿನಾಲ್ಕೂ ಜನರನ್ನು ಒಟ್ಟಿಗೆ ನಿಲ್ಲಿಸಿ ಇಪ್ಪತ್ತು ಹಾಡು ರೆಕಾರ್ಡ್ ಮಾಡಿದ್ದಳು. ಆ ಹಾಡುಗಳನ್ನು ಐವರ ಹಾಡಿನಡಿ ಮೆಲ್ಲಗೆ ಸೇರಿಸಿದಳು, ಆನ್‌ಲೈನಿಗೆ ಮಾತ್ರ. ಕೀಬೋರ್ಡಿನವನು ಯಂತ್ರದ ತಾಳಕ್ಕೇ ನುಡಿಸುತ್ತಿದ್ದುದರಿಂದ ಹಳೆಯದು ಹೊಸದರ ಮೇಲೆ ಸರಿಯಾಗಿ ಕೂತಿತು. ಹಾಲ್‌ನಲ್ಲಿದ್ದ ಯಾರಿಗೂ, ಪಾಸ್ಟರಿಗೂ, ಆ ಐವರಿಗೂ ಗೊತ್ತಾಗಲಿಲ್ಲ. ಮುಂದಿನ ವಾರ, ಕ್ವಾಯರ್ ಎಷ್ಟು ತುಂಬಿ ಬಂತು ಎಂದು ಹೊಗಳಿಕೆ ಬಂದಾಗ ಐವರೂ ಹೊಸ ಸೀರೆ ಉಟ್ಟವರ ಹಾಗೆ ಓಡಾಡಿದರು. ಆಮೇಲೆ ಹೇಳುವುದು ಹೇಗೆ?

ಮೇಷ್ಟ್ರ ಹೆಂಡತಿ ಅದರಲ್ಲಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಇಡೀ ಕ್ವಾಯರನ್ನು ಎಳೆದುಕೊಂಡು ಹೋಗುತ್ತಾರೆಂದು ಎಲ್ಲರೂ ಅವರನ್ನು ಇಂಜಿನ್ನಮ್ಮ ಅನ್ನುತ್ತಿದ್ದರು. ಒಂದು ಸಲ ಮನಸ್ಸು ಚುರುಕ್ ಅಂದದ್ದೂ ಹೌದು. ಹದಿನಾಲ್ಕರಲ್ಲಿ ಒಂದು ದನಿ, ಯಾರು ಗುರುತು ಹಿಡಿಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಜನರ ಕಿವಿಯನ್ನೇ ನೋಡಿ ಅನ್ನ ತಿನ್ನುವವಳು.

ಮಗಳು ಕೈಹಿಡಿದು ಮೇಷ್ಟ್ರನ್ನು ಹೊರಗೆ ಕರೆತಂದಳು. ಅವರು ನಾಲ್ಕು ಕಾಲಿನ ಊರುಗೋಲನ್ನು ಊರಿಕೊಂಡು ನಿಂತು, ಯಂತ್ರದಿಂದ ಹೊರಬಂದ ಕಾಗದವನ್ನು ನೋಡಿದರು. ಗೆರೆ ಮೇಲಿನಿಂದ ಕೆಳಗಿಳಿಯದೆ ನೇರವಾಗಿತ್ತು.

"ಚೆನ್ನಾಗಿದೆಯಾ?" ಎಂದು ಕೇಳಿದರು.

"ಚೆನ್ನಾಗಿದೆ ಮೇಷ್ಟ್ರೇ. ನಿಮ್ಮ ವಯಸ್ಸಿಗೆ ಇಂಥ ಕಿವಿ ನಾನು ನೋಡಿಲ್ಲ."

"ಹಂಗಾದ್ರೆ ತಲೆ ಕೆಟ್ಟಿದೆ ಅಂತ ತಾನೆ ಅರ್ಥ?" ಎಂದರು. ಅವರ ದನಿಯಲ್ಲಿ ಹುಡುಗರಿಗೆ ಲೆಕ್ಕ ಕೇಳುವ ಶಿಸ್ತು ಇತ್ತು, ಕಣ್ಣಲ್ಲಿ ಮಾತ್ರ ಭಯ. "ಮುಚ್ಚಿಡಬೇಡ ತಾಯಿ. ಯಾವ ಹಾಡಾದ್ರೂ ಮೂರನೇ ಸಾಲಿನ ಮಧ್ಯ ಅವಳು ಉಸಿರು ತಗೊಳ್ತಿದ್ಲು. ಬೇರೆ ಯಾರೂ ತಗೊಳ್ಳಲ್ಲ ಅಲ್ಲಿ. ನಲವತ್ತು ವರ್ಷ ಅದಕ್ಕೇ ಬೈದಿದ್ದೀನಿ ಅವಳನ್ನ. ಅದು ಕೇಳಿಸ್ತದೆ ನಂಗೆ."

ಹೇಳಬೇಕಿತ್ತು. ಅಲ್ಲೇ, ಆ ಕ್ಷಣವೇ. ರಿಪೋರ್ಟ್ ಡಾಕ್ಟರ್ ನೋಡಿ ಹೇಳುತ್ತಾರೆ ಎಂದು ಕಾಗದ ಮಡಿಸಿ ಮಗಳ ಕೈಗೆ ಕೊಟ್ಟಳು. ಮೇಷ್ಟ್ರು ಒಂದೊಂದೇ ಹೆಜ್ಜೆ ಇಡುತ್ತ ಉದ್ದದ ಕಾರಿಡಾರು ದಾಟುವವರೆಗೂ ಅವಳು ಮುಂದಿನ ರೋಗಿಯನ್ನು ಕರೆಯಲಿಲ್ಲ.

ಶುಕ್ರವಾರ ಸಂಜೆ ಪಾಸ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದಳು. ಪಾಸ್ಟರ್ ಕೆಟ್ಟವರಲ್ಲ. ಮೇಷ್ಟ್ರ ಹೆಂಡತಿ ತೀರಿಕೊಂಡಾಗ ಮೂರು ದಿನ ಆ ಮನೆಯಲ್ಲೇ ಇದ್ದವರು. ಕೇಳಿ ತಲೆಯ ಮೇಲೆ ಕೈಹೊತ್ತು ಕೂತರು, ಆಮೇಲೆ ಎದ್ದು ಕಿಟಕಿ ಹಾಕಿ ಬಂದರು. ಮೇಷ್ಟ್ರಿಗೆ ಹೇಳೋಣ, ಆದರೆ ಈ ವಾರ ಬೇಡ ಎಂದರು. ಭಾನುವಾರ ಮಧ್ಯಾಹ್ನ ಸದಸ್ಯರ ಸಭೆ. ಆನ್‌ಲೈನ್ ನೋಡುವವರು ಹೆಚ್ಚಿದ್ದಾರೆ, ಇನ್ನೊಂದು ಕ್ಯಾಮೆರಾ ಬೇಕೆಂದು ಪಾಸ್ಟರೇ ಕೇಳಬೇಕಿತ್ತು. ಈಗ ಇದು ಹೊರಬಿದ್ದರೆ ಆ ಐವರ ಮುಖ ಏನಾಗಬೇಕು? ಇಂಜಿನ್ನಮ್ಮನ ದನಿ ಒಂದನ್ನೇ ತೆಗೆದುಬಿಡಲು ಬರುವುದಿಲ್ಲವೇ ಎಂದೂ ಕೇಳಿದರು.

"ಎರಡೇ ಮೈಕಲ್ಲಿ ಹದಿನಾಲ್ಕು ಜನ ಪಾಸ್ಟರ್. ಕಲಸಿದ ಹಿಟ್ಟಿಂದ ಉಪ್ಪು ತೆಗಿ ಅಂದ್ರೆ ಹೇಗೆ ತೆಗೀಲಿ?"

"ಸುಳ್ಳು ಅಂತ ಯಾಕೆ ಅಂದ್ಕೋತೀರಿ ಅಕ್ಕ? ಆ ಹದಿನಾಲ್ಕು ಜನರೂ ನಮ್ಮ ಕ್ವಾಯರೇ ತಾನೆ."

"ಸೋಮವಾರ ಮೇಷ್ಟ್ರಿಗೆ ಮಾತ್ರೆ ಶುರು" ಎಂದಳು ಕಿವಿಯಕ್ಕ.

ಪಾಸ್ಟರ್ ಮೇಜಿನ ಮೇಲಿದ್ದ ಹೊಸ ಕ್ಯಾಮೆರಾದ ಬೆಲೆಪಟ್ಟಿಯನ್ನು ಮಗುಚಿಟ್ಟರು. ಅವಳು ಹೊರಡುವಾಗ, ನಾನೂ ಬರಲೇ ಎಂದು ಕೇಳಿದರು. ಬೇಡ, ಮಾಡಿದವಳು ನಾನು ಎಂದು ಹೇಳಿ ಬಂದಳು.

ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಮೇಷ್ಟ್ರ ಮನೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ನಡುಮನೆಯ ನೆಲದಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು. ಮಗಳು ಅದರ ಪಕ್ಕ ಕೂತು, ಅಪ್ಪನ ಒಂದೊಂದು ಅಂಗಿಯ ಕಾಲರಿನೊಳಗೂ ಅಳಿಸದ ಶಾಯಿಯಲ್ಲಿ ಹೆಸರು ಬರೆಯುತ್ತಿದ್ದಳು. ಆ ಜಾಗದಲ್ಲಿ ಎಲ್ಲರ ಬಟ್ಟೆ ಒಟ್ಟಿಗೆ ಒಗೆಯುತ್ತಾರಂತೆ. ಮೇಷ್ಟ್ರು ಕುರ್ಚಿಯಲ್ಲಿ ಕೂತು, ಇಸ್ತ್ರಿ ಮಾಡಿದ ಬಿಳಿ ಅಂಗಿಯೊಂದನ್ನು ಮಾತ್ರ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಕಿವಿಯಕ್ಕ ಮಾತು ಸುತ್ತಿ ಬಳಸಲಿಲ್ಲ. ಏನು ಮಾಡಿದೆ, ಯಾಕೆ ಮಾಡಿದೆ, ಎಂದಿನಿಂದ ಮಾಡಿದೆ ಎಂದು ನಿಂತುಕೊಂಡೇ ಹೇಳಿದಳು. ಮಗಳಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದಳು. ಆಗ ಲ್ಯಾಪ್‌ಟಾಪ್ ತೆರೆದು ಹೋದ ವಾರದ ಹಾಡು ಹಾಕಿದಳು. ಮೊದಲು ಐವರದು ಮಾತ್ರ, ಬಡಕಲು ಹಾಡು. ಆಮೇಲೆ ಅದನ್ನು ಮುಚ್ಚಿ, ಅಡಿಯಲ್ಲಿದ್ದ ಹಳೆಯ ಹಾಡನ್ನು ಒಂದೇ ಬಿಟ್ಟಳು. ಚಿಕ್ಕ ಕೋಣೆ ಹದಿನಾಲ್ಕು ಜನರಿಂದ ತುಂಬಿಹೋಯಿತು. ಒಂದನೇ ಸಾಲು, ಎರಡನೇ ಸಾಲು. ಮೂರನೆಯದು ಬರುವ ಮೊದಲೇ ಮೇಷ್ಟ್ರು ತೋರುಬೆರಳು ಎತ್ತಿದ್ದರು. ಸಾಲಿನ ನಟ್ಟನಡುವೆ, ಎಲ್ಲರೂ ಹಾಡುತ್ತಿದ್ದಾಗ, ಒಬ್ಬರು ಚುಟುಕಾಗಿ ಉಸಿರು ಎಳೆದುಕೊಂಡರು. ಮರುಗಳಿಗೆ ಆ ದನಿ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಓಡಿತು.

"ಕೇಳಿಸ್ತಾ?" ಎಂದರು ಮೇಷ್ಟ್ರು ಮಗಳಿಗೆ.

ಮಗಳು ಕೈಯಲ್ಲಿದ್ದ ಅಂಗಿಯನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು. ಎರಡು ವಾರ ಪಕ್ಕದಲ್ಲೇ ಕೂತೂ ತನಗೆ ಕೇಳಿಸಲಿಲ್ಲವಲ್ಲ ಎಂಬ ಸಂಕಟಕ್ಕೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮೊಣಕಾಲು ತಾಗಿ ಮುಚ್ಚಳವಿಲ್ಲದ ಬಾಟಲಿ ಉರುಳಿತು, ಶಾಯಿ ನೆಲಕ್ಕೆ ಚೆಲ್ಲಿತು. ಯಾರೂ ಒರೆಸಲು ಹೋಗಲಿಲ್ಲ.

"ತಲೆ ಸರಿ ಇದೆ ಹಂಗಾದ್ರೆ" ಎಂದರು ಮೇಷ್ಟ್ರು. ಏಳು ತಿಂಗಳಲ್ಲಿ ಮೊದಲ ಬಾರಿಗೆ ಬೆನ್ನು ಕುರ್ಚಿಗೆ ಒರಗಿತು. ಅದು ಒಂದೇ ನಿಮಿಷ. ಅಷ್ಟರಲ್ಲಿ ಅವರ ಮುಖ ಕಪ್ಪಿಟ್ಟಿತು. ಎಷ್ಟು ಭಾನುವಾರ ಎಂದು ಕೇಳಿದರು. ಇಪ್ಪತ್ತೆರಡು ಎಂದಳು ಕಿವಿಯಕ್ಕ.

"ಇಪ್ಪತ್ತೆರಡು ಭಾನುವಾರ ಇಸ್ತ್ರಿ ಅಂಗಿ ಹಾಕ್ಕೊಂಡು ಕೂತೆ ಕಣಮ್ಮ ನಾನು. ಅವಳು ಬರ್ತಾಳೆ ಅಂತ. ನನಗೊಬ್ಬನಿಗೇ ಬರ್ತಾಳೆ ಅಂತ. ಹುಚ್ಚು ಅಂದ್ರೂ ಪರವಾಗಿಲ್ಲ ಅಂದ್ಕೊಂಡಿದ್ದೆ." ತೊಡೆಯ ಮೇಲಿನ ಅಂಗಿಯನ್ನು ನೋಡಿದರು. "ನೀನು ಡಬ್ಬಿ ತೆಗೆದು ಬಡಿಸ್ತಿದ್ದೆ."

ಕ್ಷಮಿಸಿ ಎಂದಳು ಕಿವಿಯಕ್ಕ. ಆ ಇಪ್ಪತ್ತು ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿ ತಂದಿದ್ದಳು. ಟೀಪಾಯಿಯ ಮೇಲಿಟ್ಟರೆ ಮೇಷ್ಟ್ರು ಅದನ್ನು ಊರುಗೋಲಿನ ತುದಿಯಿಂದ ಮೆಲ್ಲಗೆ ಅವಳ ಕಡೆ ತಳ್ಳಿದರು.

"ಬೇಡ. ಇದ್ರೆ ದಿನಾ ಕೇಳ್ತೀನಿ. ಅವಳು ಭಾನುವಾರ ಹಾಡೋಳು."

"ನಾಳೆ ಏನು ಮಾಡ್ಲಿ ಮೇಷ್ಟ್ರೇ? ನೀವು ಹೇಳಿದ ಹಾಗೆ ಮಾಡ್ತೀನಿ."

"ಅದನ್ನ ನನ್ನ ತಲೆ ಮೇಲೆ ಹಾಕಬೇಡ" ಎಂದರು. "ಈಗಿನ್ನೂ ಸರಿ ಇದೆ ಅಂತ ಗೊತ್ತಾಗಿದೆ."

ಮಗಳು ಬಾಗಿಲವರೆಗೆ ಬಂದಳು. ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಬೇಡ ಅಂತ ಹೇಳ್ತೀನಿ ಎಂದಳು. ಥ್ಯಾಂಕ್ಸ್ ಹೇಳಬೇಕೋ ಬೈಯಬೇಕೋ ತಿಳಿಯದೆ, ಶಾಯಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಭಾನುವಾರ ಕಿವಿಯಕ್ಕ ಎಂದಿಗಿಂತ ಒಂದು ಗಂಟೆ ಮೊದಲೇ ಬಂದು ಹಾಲ್‌ನ ಹಿಂದಿನ ಮೂಲೆಯ ತನ್ನ ಮೇಜಿನಲ್ಲಿ ಕೂತಳು. ವೈರು ನೋಡಿದಳು, ಮೈಕುಗಳ ಬ್ಯಾಟರಿ ಬದಲಿಸಿದಳು. ಐವರಿಗೆ ಹಿಂದಿನ ದಿನವೇ ಫೋನಿನಲ್ಲಿ ವಿಷಯ ತಿಳಿಸಿದ್ದಳು. ಒಬ್ಬಾಕೆ ಹಾಡಲು ಬರುವುದಿಲ್ಲ ಎಂದು ಫೋನ್ ಇಟ್ಟುಬಿಟ್ಟಿದ್ದಳು. ಆದರೆ ಬಂದಿದ್ದಳು, ಕಿವಿಯಕ್ಕನ ಕಡೆ ನೋಡದೆ ಹೋಗಿ ತನ್ನ ಜಾಗದಲ್ಲಿ ನಿಂತಳು. ಪಾಸ್ಟರ್ ವೇದಿಕೆಯಿಂದ ಒಮ್ಮೆ ಹಿಂದಿನ ಮೂಲೆಯತ್ತ ದೃಷ್ಟಿ ಹಾಯಿಸಿದರು. ಮಿಕ್ಸರಿನಲ್ಲಿ ಹಳೆಯ ಹಾಡಿನ ಸದ್ದು ಏರಿಸಿ ಇಳಿಸುವ ಗುಂಡಿಯ ಮೇಲೆ ಅವಳ ಬೆರಳಿತ್ತು. ಅದನ್ನು ಪೂರ್ತಿ ಕೆಳಕ್ಕೆ ಎಳೆದಳು.

ಐವರು ಹಾಡತೊಡಗಿದರು. ಹೆಡ್‌ಫೋನಿನಲ್ಲಿ ಅವರ ದನಿಗಳ ನಡುವೆ ಸಂದುಗಳಿದ್ದವು. ಪರದೆಯ ಕೆಳಗೆ, ಇವತ್ತು ಸೌಂಡ್ ಏನಾಗಿದೆ ಎಂಬ ಪ್ರಶ್ನೆ ಬಂತು. ಇನ್ನೊಂದು ಬಂತು. ಮೂಲೆಯಲ್ಲಿ ಎಷ್ಟು ಮನೆಗಳಲ್ಲಿ ನೋಡುತ್ತಿದ್ದಾರೆಂಬ ಅಂಕಿ ಅರವತ್ತಮೂರು ಎಂದಿತ್ತು. ಒಂದನೇ ಸಾಲು, ಎರಡನೇ ಸಾಲು, ಮೂರನೆಯದು. ಮೂರನೆಯದರ ನಡುವೆ ಯಾರೂ ಉಸಿರು ಎಳೆದುಕೊಳ್ಳಲಿಲ್ಲ.

ಇಲ್ಲಿ ಹಾಡಿದ್ದು ಮನೆಗಳ ಟಿವಿಗೆ ತಲುಪಲು ನಲವತ್ತು ಸೆಕೆಂಡು ಬೇಕು. ಇಲ್ಲಿ ಎಲ್ಲರೂ ಕೂತ ಮೇಲೆ ಮನೆಯವರು ಎದ್ದು ನಿಲ್ಲುತ್ತಾರೆ ಎಂದು ಚರ್ಚಿನಲ್ಲಿ ನಗುತ್ತಿದ್ದುದುಂಟು. ಐವರು ಎರಡನೆಯ ಚರಣಕ್ಕೆ ಹೋದರು. ಕಿವಿಯಕ್ಕ ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತ ಕೂತಳು. ಹತ್ತು, ಇಪ್ಪತ್ತು, ಮೂವತ್ತು. ಈಗ ಮೇಷ್ಟ್ರ ಮನೆಯಲ್ಲಿ ಎರಡನೇ ಸಾಲು. ಈಗ ಮೂರು.

ಅರವತ್ತಮೂರು ಅರವತ್ತೆರಡಾಯಿತು.

ಹಾಡು ಮುಗಿಯಿತು, ಜನ ಕೂತರು, ಪಾಸ್ಟರ್ ಪುಸ್ತಕ ತೆರೆದು ಓದಲು ಶುರುಮಾಡಿದರು. ಅವಳು ಅವರ ಮೈಕನ್ನು ಸ್ವಲ್ಪ ಏರಿಸಿ, ಹೆಡ್‌ಫೋನ್ ತೆಗೆಯದೆ, ಮೂಲೆಯ ಅಂಕಿಯನ್ನೇ ನೋಡುತ್ತಿದ್ದಳು.