ಹರಿಣಿಯ ಹಿತವಚನ

ದೆಹಲಿಯ ಮಯೂರ್ ವಿಹಾರದ ಹೌಸಿಂಗ್ ಸೊಸೈಟಿಯೊಂದರ ಹಾಲ್‌ನಲ್ಲಿ ಆ ಭಾನುವಾರ ಕನ್ನಡ ಬಳಗದ ಸಭೆ. ಆ ವರ್ಷ ಕಾಲೇಜು ಸೇರಿದ ಹದಿನಾಲ್ಕು ಮಕ್ಕಳಿಗೆ ಹಿತವಚನ ಹೇಳುವ ಕಾರ್ಯಕ್ರಮ. ಎರಡನೇ ವರ್ಷದ ಹರಿಣಿಗೂ ವೇದಿಕೆಯ ಮೇಲೊಂದು ಕುರ್ಚಿ ಸಿಕ್ಕಿತ್ತು. ಅಮ್ಮ ದೇವಕಿ ಬಳಗದ ಕಾರ್ಯದರ್ಶಿ. ಅಷ್ಟೇ ಅವಳ ಅರ್ಹತೆ.

ಮೊದಲು ಎದ್ದವರು ಶಂಕರಪ್ಪ. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಸಚಿವಾಲಯದ ಗತ್ತು ಇನ್ನೂ ಇಳಿದಿರಲಿಲ್ಲ. "ಕ್ಯಾಂಟೀನಿನ ಕಡೆ ತಲೆ ಹಾಕಬೇಡಿ. ನಾನು ಬೆಳಗ್ಗೆ ನಾಲ್ಕಕ್ಕೇ ಏಳುತ್ತಿದ್ದೆ," ಎಂದರು. ಎದ್ದು ಏನು ಕಡಿದು ಗುಡ್ಡೆ ಹಾಕಿದರೋ ಹೇಳಲಿಲ್ಲ. ಆಮೇಲೆ ಅಧ್ಯಕ್ಷ ಚಂದ್ರಮೋಹನ. ಯಾರೋ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದನ್ನು ಮೊಬೈಲ್ ನೋಡಿಕೊಂಡೇ ಓದಿ, ಮೊಬೈಲ್ ಮುಟ್ಟಬೇಡಿ ಎಂದು ಉಪದೇಶಿಸಿದರು. ಮಕ್ಕಳೆಲ್ಲ ತೊಡೆಯ ಮೇಲೆ ಮೊಬೈಲ್ ಇಟ್ಟುಕೊಂಡು ರೀಲ್ಸ್ ನೋಡುತ್ತಿದ್ದರು. ಹರಿಣಿಗೆ ಆ ಮಕ್ಕಳ ಮೇಲೂ ಗೌರವ ಹುಟ್ಟಲಿಲ್ಲ.

ಸರದಿ ಬಂದಾಗ ಅಮ್ಮ ಬರೆದುಕೊಟ್ಟಿದ್ದ ಹಾಳೆಯನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದಳು.

"ದೇಖೋ, ಹೋದ ವರ್ಷ ಮೊದಲ ತಿಂಗಳೆಲ್ಲ ನಾನು ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಟಿಫಿನ್ ತಿಂದೆ. ಮನೇಲಿ 'ಕಾಲೇಜ್ ಮಸ್ತ್ ಹೈ' ಅಂತ ಸುಳ್ಳು ಹೇಳ್ತಿದ್ದೆ. ಕ್ಲಾಸಲ್ಲಿ ಎಲ್ಲರಿಗೂ ಎಲ್ಲಾ ಗೊತ್ತು ಅಂದ್ಕೊಂಡಿದ್ದೆ. ಯಾರಿಗೂ ಏನೂ ಗೊತ್ತಿರಲಿಲ್ಲ, ಯಾರ್! ಒಂದಿನ ಕ್ಯಾಂಟೀನಿಗೆ ಹೋಗಿ ಒಬ್ಬಳನ್ನ 'ಇಲ್ಲಿ ಕೂತ್ಕೊಳ್ಲಾ?' ಅಂತ ಕೇಳ್ದೆ. ಅವಳೂ ಒಬ್ಬಳೇ ಇದ್ಳು. ಕ್ಯಾಂಟೀನಿಗೆ ಹೋಗಿ. ಬಸ್, ಅಷ್ಟೇ."

ಹಾಲ್‌ನಲ್ಲಿ ಮಕ್ಕಳು ತಲೆಯೆತ್ತಿ ಅವಳನ್ನೇ ನೋಡುತ್ತಿದ್ದರು.

ಶಂಕರಪ್ಪ ಕೆಮ್ಮಿದರು. "ಇದೂ ಒಂದು ಸಲಹೆಯೇನಮ್ಮ?"

"ಅಲ್ಲ ಅಂಕಲ್. ನಡೆದಿದ್ದು."

ಮುಂದಿನ ಸಾಲಿನಲ್ಲಿ ದೇವಕಿ ತಲೆ ತಗ್ಗಿಸಿ ಕೂತಿದ್ದಳು. ಬಳಗದ ಮುಂದೆ ಮಾನ ಹೋಯಿತೆಂಬ ಸಂಕಟವಿರಬೇಕು ಎಂದುಕೊಂಡು ಹರಿಣಿ ತಾತ್ಸಾರದಿಂದಲೇ ವೇದಿಕೆ ಇಳಿದಳು. ಪಕ್ಕದಲ್ಲಿ ಕೂತದ್ದೇ ಅಮ್ಮ ಅವಳ ಕೈ ಹಿಡಿದಳು.

"ಒಂದು ತಿಂಗಳು ಪೂರ್ತಿನಾ? ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನೂ ಭಾಷಣ ಮಾಡ್ತಿದ್ದೆ, ಅಮ್ಮ."

ದೇವಕಿ ಹಿಡಿದ ಕೈಯನ್ನು ಇನ್ನೊಂದು ಕೈಯಿಂದಲೂ ಮುಚ್ಚಿದಳು. ಮೈಕಿನ ಮುಂದೆ ಇನ್ಯಾರೋ ಶಿಸ್ತಿನ ಬಗ್ಗೆ ಶುರುಮಾಡಿದ್ದರು. ಹರಿಣಿ ಕೈ ಬಿಡಿಸಿಕೊಳ್ಳಲಿಲ್ಲ.